ಮೊಸರನ್ನದಲ್ಲಿ ಮೂರು ಬೆರಳು

ನಂಜಮ್ಮ ಎರಡನೆಯ ರೊಟ್ಟಿಯನ್ನು ತಾನಾಗಿಯೇ ಹಾಕಿಕೊಂಡಳು. ಅದನ್ನು ನೋಡಿ ಗಂಡ ಪುಟ್ಟರಾಜುವಿಗೆ ಹೆದರಿಕೆಯಾಯಿತು. ಮಗಳು ಧನ್ಯಾ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡ ಮೇಲೆ ಇವಳು ಊಟವೆಂದು ಉಂಡದ್ದಿಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದಳು, ಕಲಸುತ್ತಿದ್ದಳು, ಕಲಸಿದ್ದನ್ನು ಎತ್ತಿಕೊಂಡು ಹೋಗಿ ಹಿತ್ತಲ ಗೋಡೆಯ ಮೇಲೆ ಕಾಗೆಗೆ ಇಟ್ಟು ಬರುತ್ತಿದ್ದಳು. ಕೈಬಳೆ ಮೊಣಕೈಯವರೆಗೆ ಜಾರುತ್ತಿತ್ತು. ಹಾಸನದ ಡಾಕ್ಟರು ಇನ್ನು ಹೀಗೇ ಬಿಟ್ಟರೆ ಕಷ್ಟ ಎಂದು ಅವನೊಬ್ಬನನ್ನೇ ಕರೆದು ಹೇಳಿದ್ದರು. ಅಂಥವಳು ಈಗ ಹುಚ್ಚೆಳ್ಳು ಚಟ್ನಿಯನ್ನು ರೊಟ್ಟಿಯ ಅಂಚಿನವರೆಗೂ ಸವರಿಕೊಂಡು, ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದಾಳೆ. ಮಹಾಲಯ ಅಮಾವಾಸ್ಯೆಯ ದಿನದಿಂದ ಹೀಗೆ.

"ಏನಂಗೆ ನೋಡ್ತೀರಿ? ಹೆಂಗಸ್ರು ತಿನ್ನೋದ ಕಂಡಿಲ್ವಾ?"

"ತಿನ್ನು, ತಿನ್ನು."

"ತಿಂತೀನಿ. ಅವ್ಳೇ ಬಂದು ಉಂಡು ಓದ್ಮೇಲೆ ನಂಗಿನ್ನೇನು." ಅವಳು ನಕ್ಕಳು. "ನಿಮ್ಗೂ ಇನ್ನೊಂದು ಆಕ್ಲಾ? ಬೆಂಗ್ಳೂರಿಂದ ಆ ಹುಡ್ಗಿ ಬತ್ತದೆ ಅಂದ್ರಲ್ಲ, ಮಾತಾಡೋಕೆ ಶಕ್ತಿ ಬೇಕಲ್ವಾ."

ಪುಟ್ಟರಾಜು ಬೇಡವೆಂದು ಎದ್ದು ಕೈ ತೊಳೆದ. ತೊಳೆಯುವಾಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಉಜ್ಜಿದ. ಈಚೆಗೆ ಇದೊಂದು ಅಭ್ಯಾಸವಾಗಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಕುಂಚ ಹಿಡಿದು ಹಿಡಿದು ತುದಿ ಗಟ್ಟಿಯಾದ ಬೆರಳುಗಳು. ಬಿಸಿ ಅಷ್ಟಾಗಿ ತಿಳಿಯದು, ತಣ್ಣಗಿನದು ಮಾತ್ರ ತಿಳಿಯುತ್ತದೆ. ಅಮಾವಾಸ್ಯೆಯ ದಿನ ಅಣ್ಣನ ಮನೆಯ ಕತ್ತಲೆ ಕೋಣೆಯಲ್ಲಿ ಈ ಬೆರಳುಗಳಿಗೆ ತಣ್ಣಗೆ, ಮೆತ್ತಗೆ ಏನೋ ತಗುಲಿತ್ತು. ಅವನು ಅದನ್ನು ನೋಡದೆ ಪಂಚೆಗೆ ಒರೆಸಿಕೊಂಡಿದ್ದ. ಬಾಳೆಲೆಯ ನೀರೇ ಇರಬೇಕು. ಕಳಶದಿಂದ ತುಳುಕಿದ ನೀರೇ ಇರಬೇಕು. ಮೊಬೈಲು ಅಲ್ಲಿಯೇ ಕಿಟಕಿಯ ಪಕ್ಕದ ಮೊಳೆಗೆ ತಗುಲಿಸಿದ ಚೀಲದಲ್ಲಿದೆ. ಆವತ್ತಿನದೆಲ್ಲ ಅದರೊಳಗಿದೆ. ಅವನು ತೆಗೆದು ನೋಡಿಲ್ಲ.

ಅಣ್ಣ ಲಕ್ಕಣ್ಣನದು ರಾಮನಾಥಪುರದ ಹತ್ತಿರದ ಹಳ್ಳಿ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಕಾವು ಅಂಗಳಕ್ಕೂ ಬರುತ್ತಿತ್ತು, ಮನೆಯೆಲ್ಲ ಸಿಹಿಯಾದ ಒಂದು ಕಮಟು. ನಡುಮನೆಯಲ್ಲಿ ಹಿರಿಯರಿಗೆ ಸಾಲಾಗಿ ಎಲೆ ಹಾಕಿದ್ದರು. ಅಪ್ಪನ ಪಟದ ಮುಂದೆ ಹೊಸ ಪಂಚೆ, ಕೋಳಿಸಾರು, ಮುದ್ದೆ, ಒಂದು ಕಟ್ಟು ಬೀಡಿ, ಕಾಲು ಬಾಟಲಿ ಬ್ರಾಂದಿ. ಅವ್ವನ ಮುಂದೆ ಸೀರೆ, ಕಡುಬು, ಎಲೆಅಡಿಕೆ. ನಂಜಮ್ಮ ಮಗಳ ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಅದನ್ನು ಅವ್ವನ ಪಕ್ಕಕ್ಕೆ ಇಡಹೋದಾಗ ಲಕ್ಕಣ್ಣ ತಡೆದ. "ಅಲ್ ಬ್ಯಾಡ ಕಣವ್ವ. ಮದ್ವೆಯಾಗ್ದೇ ಓದ್ ಮಗ. ದೊಡ್ಡೋರ್ ಪಂಕ್ತೀಲಿ ನಮ್ಮಲ್ಲಿ ಮಡಗಕಿಲ್ಲ. ಒಳ್ಗಡೆ ಕ್ವಾಣೇಲಿ ಬ್ಯಾರೆ ಮಡಗು." ಅವನು ಕಟುವಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಆದರೆ ನೆಂಟರೆಲ್ಲ ಅಲ್ಲಿಯೇ ನಿಂತಿದ್ದರು. ನಂಜಮ್ಮ ಪಟವನ್ನು ಮತ್ತೆ ಸೆರಗಿಗೆ ಸುತ್ತಿಕೊಂಡು ಒಳಕೋಣೆಗೆ ಹೋದಳು; ಪುಟ್ಟರಾಜು, ದೇಶದ ಎಲ್ಲೆಲ್ಲೋ ಹೆಸರು ಮಾಡಿದ ಕಲಾವಿದನೆಂದು ಅದೇ ನೆಂಟರು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವವನು, ಬಾಯಿ ಬಿಡದೆ ಅವಳ ಹಿಂದೆ ಹೋದ. ಹೊಗೆಸೊಪ್ಪಿನ ಹೊರೆಗಳ ನಡುವೆ ಜಾಗ ಮಾಡಿ, ನೆಲ ಒರೆಸಿ, ಎಲೆ ಹಾಕಿದರು. ಧನ್ಯಾಳಿಗೆ ಬೇಕಾದದ್ದು ಮೊಸರನ್ನ, ದಾಳಿಂಬೆ ಕಾಳು ಹಾಕಿದ್ದು. ಅದೊಂದು ಗುಡ್ಡೆ. ಪಕ್ಕದಲ್ಲಿ ಹೊಸ ಚೂಡಿದಾರ.

ಎಡೆ ಇಟ್ಟ ಮೇಲೆ ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ಯಾರೂ ನೋಡಬಾರದು. ಅವನು ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಕಣ್ಣಿಟ್ಟು ಲಕ್ಕಣ್ಣನ ಕೈಲಿ ಏಟು ತಿಂದಿದ್ದ. ಬಡಿದ ಮೇಲೆ ಲಕ್ಕಣ್ಣ ಅವನನ್ನು ಎತ್ತಿಕೊಂಡು ಹೇಳಿದ್ದ: "ನೋಡಬಾರ್ದು ಕಣ್ಲಾ ಪುಟ್ಟ. ನೋಡುದ್ರೆ ಅವ್ರು ಎಲೆ ಬುಟ್ಟು ಎದ್ದೋಯ್ತಾರೆ. ಆಮ್ಯಾಕೆ ವರ್ಸೆಲ್ಲಾ ಹಸ್ಕೊಂಡೇ ತಿರುಗ್ತಾರೆ." ಅದನ್ನು ಅವನು ಮರೆತಿರಲಿಲ್ಲ. ಮರೆತಿದ್ದರೆ ಕ್ಷಮೆಯಿತ್ತು. ನಂಜಮ್ಮ ಹೊರಗೆ ಹೋದ ಮೇಲೆ, ಕನ್ನಡಕ ಬಿಟ್ಟಿದ್ದೇನೆಂದು ಸುಳ್ಳು ಹೇಳಿ ಹಿಂದಿರುಗಿ, ಎದುರುಗಡೆಯ ಗೂಡಿನಲ್ಲಿ ಹೊಗೆಸೊಪ್ಪಿನ ಮರೆಗೆ, ವಿಡಿಯೋ ಹಾಕಿ ಮೊಬೈಲನ್ನು ನಿಲ್ಲಿಸಿದ. ಮಗಳು ಬರುವುದನ್ನು ನೋಡುವ ಆಸೆಯೋ, ಬರುವುದಿಲ್ಲವೆಂದು ತಿಳಿದುಕೊಳ್ಳುವ ಹಟವೋ, ಅಥವಾ ಬರಿಯ ಚಾಳಿಯೋ. ಗಾಜಿನ ಹೆಂಚಿನಿಂದ ಇಳಿದ ಬೆಳಕು ಎಲೆಯ ಮೇಲೆ ಮಾತ್ರ ಬಿದ್ದಿತ್ತು. ಚೆನ್ನಾಗಿದೆ ಎಂದುಕೊಂಡ. ಮಗಳ ಎಡೆಯ ಮುಂದೆ ಮಂಡಿಯೂರಿ ಅವನು ಅಂದುಕೊಂಡದ್ದು ಅದು, ಬೆಳಕು ಚೆನ್ನಾಗಿದೆ ಎಂದು. ಆಗಲೇ ಬೆರಳಿಗೆ ತಣ್ಣಗೆ ತಗುಲಿದ್ದು.

ಬಾಗಿಲು ತೆರೆದಾಗ ಮೊದಲು ಕಂಡವಳು ನಂಜಮ್ಮನೇ. ಮೊಸರನ್ನದ ಗುಡ್ಡೆಯ ಒಂದು ಪಕ್ಕದಲ್ಲಿ ಮೂರು ಬೆರಳು ಇಳಿದು ಎದ್ದ ಗುರುತು. ಧನ್ಯಾ ಅನ್ನವನ್ನು ಅಂಗೈಗೆ ತಾಗಿಸುತ್ತಿರಲಿಲ್ಲ. ಮೂರೇ ಬೆರಳಿನಲ್ಲಿ ಎತ್ತಿ ಬಾಯಿಗಿಡುತ್ತಿದ್ದಳು. ಗಂಡನ ಮನೆಯಲ್ಲಿ ಹೀಗೆ ಉಂಡರೆ ಹೊತ್ತು ಮುಳುಗುತ್ತೆ ಕಣೇ ಎಂದು ತಾಯಿ ಬಯ್ಯುತ್ತಿದ್ದಳು. ನಂಜಮ್ಮ ಕೂಗಲಿಲ್ಲ, ಅಳಲಿಲ್ಲ. "ಬಂದಿದ್ಲು" ಎಂದಳು, ಮಗಳು ಕಾಲೇಜಿನಿಂದ ಬಂದು ಮತ್ತೆಲ್ಲಿಗೋ ಹೋದಳೆನ್ನುವ ಹಾಗೆ. ಲಕ್ಕಣ್ಣ ಬಗ್ಗಿ ನೋಡಿ ಟವಲಿನಿಂದ ಕಣ್ಣೊರೆಸಿಕೊಂಡ. ಆ ಮೊಸರನ್ನವನ್ನೇ ನಂಜಮ್ಮ ಅಲ್ಲಿಯೇ ಕೂತು ಉಂಡಳು, ಒಂದು ಅಗುಳೂ ಬಿಡದೆ. ಪುಟ್ಟರಾಜು ಬೆರಳುಗಳನ್ನು ಮಡಚಿ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ.

ಮನೆಯ ಹಿಂದೆ ತಗಡು ಹೊದಿಸಿದ ಉದ್ದನೆಯ ಕೋಣೆಯೇ ಅವನ ಕೆಲಸದ ಜಾಗ. ಅಂಗಳದ ಕಡೆಗೊಂದು ಬಾಗಿಲು, ನಲ್ಲಿಯ ಕಡೆಗೊಂದು ಬಾಗಿಲು. ಬೆಂಗಳೂರಿನ ಹುಡುಗಿ ಮಾನ್ಯ ಬಂದಾಗ ಅವನು ಹಳೆಯ ಚಿತ್ರಗಳನ್ನು ಗೋಡೆಗೆ ಒರಗಿಸುತ್ತಿದ್ದ. ಬೆಂಗಳೂರಿನ ಒಂದು ಗ್ಯಾಲರಿಯವರು ಅವನ ಬದುಕಿನ ಎಲ್ಲ ಕೆಲಸವನ್ನೂ ಸೇರಿಸಿ ಪ್ರದರ್ಶನ ಮಾಡುತ್ತಾರೆ, ಅದರ ಏರ್ಪಾಡು ಅವಳದು. ಧನ್ಯಾಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ನಂಜಮ್ಮ ಅವಳನ್ನು ಅಂಗಳದಲ್ಲೇ ಹಿಡಿದುಕೊಂಡಿದ್ದಳು.

"ಇಷ್ಟ್ ಸಣ್ಣಕ್ಕಿದ್ದೀಯಲ್ಲವ್ವ, ಬೆಂಗ್ಳೂರ್ನಲ್ಲಿ ಅನ್ನ ಮಾಡಕಿಲ್ವಾ?"

"ಮಾಡ್ತಾರೆ ಆಂಟಿ, ತಿನ್ನೋಕೆ ಟೈಮಿಲ್ಲ."

"ಉಂಡೇ ಓಗ್ಬೇಕು ಮತ್ತೆ. ಚನ್ನರಾಯಪಟ್ಣದ ಓಟ್ಲಲ್ಲಿ ತಿಂತೀನಿ ಅನ್ನಂಗಿಲ್ಲ."

ಒಳಗೆ ಬಂದು ಮಾನ್ಯ ಒಂದೊಂದೇ ನೋಡುತ್ತಾ ಹೋದಳು. ಮೊದಲು ಬರೆದದ್ದು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು. ಹೊಳೆನರಸೀಪುರದ ಒಂದು ಗಿರಣಿಯ ತಗಡು ಇನ್ನೂ ಇದೆ, ಅಕ್ಷರದ ನೆರಳು ಮಾಸಿಲ್ಲ. ಫ್ಲೆಕ್ಸ್ ಬಂದು ಆ ಕೆಲಸ ಮುಗಿಯಿತು. ಆಮೇಲೆ ಎಣ್ಣೆಬಣ್ಣ, ತಾಮ್ರದ ತಗಡಿನ ಮೇಲೆ ಆಸಿಡ್ಡು ತಿನ್ನಿಸಿ ತೆಗೆದ ಅಚ್ಚುಗಳು, ಆಮೇಲೆ ಜೇಡಿಮಣ್ಣು, ಆಮೇಲೆ ಕ್ಯಾಮೆರಾ. ಒಂದರಲ್ಲಿ ಕೈ ಕೂತಿತು ಅನ್ನುವಾಗ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿದ್ದಾನೆ. ಇದನ್ನು ಧೈರ್ಯವೆಂದು ಪತ್ರಿಕೆಯವರು ಬರೆದರು. ಕೈ ಕೂತ ಮೇಲೆ ಕೈ ಸುಳ್ಳು ಹೇಳಲು ಕಲಿಯುತ್ತದೆ, ಅದಕ್ಕೆ ಹೆದರಿ ಬಿಟ್ಟೆ ಎಂದು ಅವನು ಯಾರಿಗೂ ಹೇಳಿರಲಿಲ್ಲ.

"ಇವರು ಯಾರು ಸರ್?" ಮಾನ್ಯ ಒಂದು ಮುಖದ ಮುಂದೆ ನಿಂತಿದ್ದಳು.

ಅದು ಮಾಡಿಸಿದವರು ಕೊಂಡೊಯ್ಯದೆ ಉಳಿದ ಚಿತ್ರ. ಎಣ್ಣೆಬಣ್ಣ ಹಿಡಿದ ಕಾಲದಲ್ಲಿ ಅವನಿಗೆ ಅನ್ನ ಕೊಟ್ಟದ್ದು ಸತ್ತವರ ಚಿತ್ರಗಳೇ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ತಿಥಿಗೆ ಮೊದಲು ಪಟ ಬೇಕೆಂದು ಬರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಬದುಕಿದ್ದಾಗ ತೆಗೆಸಿದ ಫೋಟೋ ಇರುತ್ತಿರಲಿಲ್ಲ. ಹೆಣವನ್ನು ಕೂರಿಸಿ ತೆಗೆಸಿದ್ದನ್ನು ತರುತ್ತಿದ್ದರು, ಮೂಗಿನಲ್ಲಿ ಹತ್ತಿ, ಮುಚ್ಚಿದ ಕಣ್ಣು. ಕಣ್ಣು ತೆರೆಸಿ ಕೊಡಿ ಸ್ವಾಮಿ ಎನ್ನುತ್ತಿದ್ದರು. ತಮ್ಮನ ಕಣ್ಣೋ ಮಗನ ಕಣ್ಣೋ ನೋಡಿಕೊಂಡು ತೆರೆಸುತ್ತಿದ್ದ. ಒಮ್ಮೆ ಇನ್ನೊಂದು ಪಟಕ್ಕೆ ಹಾಗೆ ನೋಡಲು ಯಾರೂ ಇರಲಿಲ್ಲ. ದಿನ ಹತ್ತಿರ ಬಂದಿತ್ತು. ಕನ್ನಡಿ ಎದುರಿಗಿಟ್ಟುಕೊಂಡು ತನ್ನ ಕಣ್ಣನ್ನೇ ಬರೆದು ಕೊಟ್ಟ. ಸತ್ತವನ ಹೆಂಡತಿ ಪಟವನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಇಂಗೇ ನೋಡ್ತಿದ್ರು ಸಾ. ಇದೇ ಕಣ್ಣು" ಎಂದಳು. ಎಷ್ಟೋ ವರ್ಷ ಅವಳ ಗೋಡೆಯಿಂದ ತಾನು ಆ ಮನೆಯೊಳಗೆ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು.

"ಯಾರೋ ಒಬ್ಬರು" ಎಂದ.

ಮಾನ್ಯ ಶೆಟ್ಟಿಹಳ್ಳಿಯ ಫೋಟೋಗಳ ಹತ್ತಿರ ಹೋದಳು. ಹೇಮಾವತಿಯ ಹಿನ್ನೀರು ಏರಿದಂತೆ ಪಾಳು ಚರ್ಚು ಮುಳುಗುವುದನ್ನು ಅವನು ವರ್ಷವರ್ಷವೂ ತೆಗೆದಿದ್ದ. ಒಂದರಲ್ಲಿ ಧನ್ಯಾ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಾಳೆ, ಬೆನ್ನು ಈ ಕಡೆಗೆ. ಅಪ್ಪ, ಚಳಿ ಆಯ್ತದೆ ಎನ್ನುತ್ತಿದ್ದಳು. ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗು ಮಗ, ನೀರು ನಿಲ್ಲಲಿ, ಅಲುಗಾಡಬೇಡ ಎನ್ನುತ್ತಿದ್ದ ಅವನು. ಅವಳಿಗೆ ರಕ್ತದ ಕಾಯಿಲೆ ಬಂದದ್ದು ಎಷ್ಟೋ ವರ್ಷದ ಮೇಲೆ. ನೀರಿನಲ್ಲಿ ನಿಂತದ್ದಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಡಾಕ್ಟರನ್ನು ಕೇಳಿದ್ದ. ಡಾಕ್ಟರು ಉತ್ತರ ಹೇಳದೆ ಪಕ್ಕದಲ್ಲಿದ್ದ ನರ್ಸಿನ ಮುಖ ನೋಡಿ ನಕ್ಕಿದ್ದರು. ಕೊನೆಯ ದಿನಗಳಲ್ಲಿ, ಅವಳು ನಿದ್ದೆಯಲ್ಲಿದ್ದಾಳೆಂದು ತಿಳಿದು, ಹಾಸಿಗೆಯ ಪಕ್ಕದಲ್ಲಿ ಕೂತು ಪೆನ್ಸಿಲಿನಿಂದ ಬರೆಯುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಅವಳು ಹೇಳಿದ್ದಳು, "ಕೂದ್ಲು ಬಂದ್ಮೇಲೆ ಬರಿಯಪ್ಪ."

"ಸರ್, ಕೊನೇ ರೂಮನ್ನ ಖಾಲಿ ಇಟ್ಟಿದ್ದೀನಿ. ಮುಚ್ಚಿದ ಕೋಣೆಯ ವಿಡಿಯೋ ಅಂದ್ರಲ್ಲ ಫೋನಲ್ಲಿ, ಅದಕ್ಕೆ." ಮಾನ್ಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. "ನೋಡೋಣ್ವಾ?"

ಯಾಕೆ ಹೇಳಿದ್ದೆ ಇವಳಿಗೆ? ಹೊಸದು ಏನಿದೆ ಸರ್ ಎಂದು ಕೇಳಿದಾಗ ಏನೂ ಇಲ್ಲ ಎನ್ನಲು ನಾಚಿಕೆಯಾಗಿತ್ತು, ಅಷ್ಟೇ. ಮಗಳನ್ನು ಕಳೆದುಕೊಂಡ ಮೇಲೂ ಉಳಿದಿದ್ದ ನಾಚಿಕೆ ಎಂಥದ್ದು. ಅವನು ಚೀಲದಿಂದ ಮೊಬೈಲು ತಂದು ಕೊಟ್ಟ. ಮಾನ್ಯ ತಂತಿ ಸಿಕ್ಕಿಸಿದಳು.

ಮೊದಲು ಅವನ ಮುಖ, ಪರದೆಯ ತುಂಬ, ಕೆಳಗಿನಿಂದ ಕಂಡದ್ದು. ಮೂಗಿನ ಹೊಳ್ಳೆ, ಜೋಲುಬಿದ್ದ ಕತ್ತು. ಮುಖ ಹಿಂದೆ ಸರಿಯಿತು. ಹೆಂಚಿನ ಬೆಳಕಿನಲ್ಲಿ ಎಲೆ ಕಾಣಿಸಿತು, ಬೆಳ್ಳಗಿನ ಗುಡ್ಡೆ, ಯಾರೂ ಮುಟ್ಟದ ನುಣುಪು. ಮುದುಕನೊಬ್ಬ ಮಂಡಿಯೂರಿ ಬಗ್ಗಿದ, ಪರದೆಯೊಳಗೆ ಏನು ಕಾಣುತ್ತಿದೆ ಎಂದು ಇಣುಕಲು ಕತ್ತು ಚಾಚಿದ, ತೂಕ ತಪ್ಪಿತು, ಆಸರೆಗೆ ಬಲಗೈ ಕೆಳಗೆ ಹೋಯಿತು. ಮೂರು ಬೆರಳು ಮೊಸರನ್ನದೊಳಗೆ ಇಳಿದವು. ಅವನು ಅವನ್ನು ಎತ್ತಿ, ನೋಡದೆ, ಪಂಚೆಗೆ ಒರೆಸಿಕೊಂಡು ಎದ್ದುಹೋದ. ಬಾಗಿಲು ಮುಚ್ಚಿತು.

ಪುಟ್ಟರಾಜುವಿಗೆ ಆಶ್ಚರ್ಯವಾಗಲಿಲ್ಲ. ಉಳಿದದ್ದು ಬರಿಯ ಕೋಣೆ. ಎಲೆಯ ಮೇಲಿನ ಬೆಳಕು ನಿಧಾನವಾಗಿ ಜರುಗುತ್ತಿತ್ತು. ಹೊರಗಿನಿಂದ ಲಕ್ಕಣ್ಣ ಯಾರನ್ನೋ ಕರೆಯುವುದು ಕೇಳುತ್ತಿತ್ತು. ಎಲೆಯ ಅಂಚು ಒಮ್ಮೆ ಅಲುಗಿತು, ಗಾಳಿಗೆ. ಯಾರೂ ಬರಲಿಲ್ಲ.

"ಸರ್, ಆ ಗುರುತನ್ನ ನೋಡಿ ಮನೆಯವರೆಲ್ಲ..." ಮಾನ್ಯ ಮಾತು ನಿಲ್ಲಿಸಿದಳು. ನಂಜಮ್ಮ ಅಂಗಳದಲ್ಲಿಯೇ ಅವಳಿಗೆ ಮೂರು ಬೆರಳಿನ ಕಥೆಯೆಲ್ಲ ಹೇಳಿರಬೇಕು. ಅವಳು ಮೊದಲು ಕಣ್ಣು ತಗ್ಗಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, "ತಪ್ಪು ತಿಳ್ಕೋಬೇಡಿ ಸರ್. ನೀವು ಮಾಡಿರೋದ್ರಲ್ಲೆಲ್ಲ ಇದೇ ದೊಡ್ಡದು. ಮೊದಲಿಂದ ಹಾಗೇ ತೋರಿಸ್ಬೇಕು. ಏನೂ ಕತ್ತರಿಸ್ಬಾರ್ದು."

ಅವಳು ಹೇಳಿದ್ದು ನಿಜವೆಂದು ಅವನಿಗೂ ಗೊತ್ತಾಯಿತು, ಮತ್ತು ಗೊತ್ತಾದದ್ದು ಸುಖವಾಗಿತ್ತು. ಒಂದು ಕ್ಷಣ, ಮಗಳ ಎಡೆಯಲ್ಲಿ ಕೈಯಿಟ್ಟ ಆ ಮುದುಕ ಗೋಡೆಯಷ್ಟು ದೊಡ್ಡದಾಗಿ, ಕತ್ತಲೆ ಕೋಣೆಯಲ್ಲಿ, ಜನ ಉಸಿರು ಬಿಗಿಹಿಡಿದು ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಆಗ ಬಾಗಿಲಲ್ಲಿ ಲೋಟಗಳ ಸದ್ದಾಯಿತು. ನಂಜಮ್ಮ ಕಾಫಿ ತಂದಿದ್ದಳು. ಅವಳ ಕಣ್ಣು ಪರದೆಯ ಮೇಲಿತ್ತು.

"ಇದು ನಮ್ ಭಾವನೋರ ಮನೆ ಕ್ವಾಣೆ."

ಮಾನ್ಯ ಕುರ್ಚಿಯನ್ನು ಇತ್ತ ಸರಿಸಿದಳು.

"ಧನ್ಯಾ ಎಲೆ." ಅವಳು ಕಾಫಿಯನ್ನು ಕುರ್ಚಿಯ ಮೇಲಿಟ್ಟು ನೆಲದಲ್ಲಿ ಕೂತಳು. "ಇದ ಯಾವಾಗ ಇಡುದ್ರಿ? ಅವ್ಳು ಉಣ್ಣೋವಾಗ್ಲಾ?"

"ಸುಮ್ನೆ..." ಎಂದ ಪುಟ್ಟರಾಜು. ಬಯ್ಯುತ್ತಾಳೆ ಎಂದುಕೊಂಡಿದ್ದ, ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಬಯ್ಯಲಿಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಸ್ಸಿನಿಂದ ಇಳಿಯುವವರ ನಡುವೆ ತನ್ನವರನ್ನು ಹುಡುಕುವ ಹಾಗೆ ಆ ಖಾಲಿ ಕೋಣೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಕಾಫಿಯ ಮೇಲೆ ಕೆನೆ ಕಟ್ಟಿತು. ಕೊನೆಗೆ ಅವಳೇ ಹೇಳಿದಳು, "ಗುರ್ತು ಆಗ್ಲೇ ಐತಲ್ಲ. ಮೊದ್ಲಿಂದ ಆಕವ್ವ. ಬರೋದ ನೋಡ್ತೀನಿ."

ಮಾನ್ಯಳ ಬೆರಳು ಲ್ಯಾಪ್‌ಟಾಪಿನ ಮೇಲೆ ಇತ್ತು. ಅವಳು ಪುಟ್ಟರಾಜುವಿನ ಮುಖ ನೋಡಿದಳು. ಅವನು ಏನಾದರೂ ಹೇಳಬೇಕಾಗಿತ್ತು. ನಂಜಿ, ಅದು ನಾನು, ನನ್ನ ಕೈ, ಅನ್ನಬೇಕಾಗಿತ್ತು. ಅನ್ನುವುದಕ್ಕೆ ಬಾಯಿ ತೆರೆದ. ಕಂಡದ್ದು ಅವಳ ಬಳೆಗಳು. ಅವು ಮಣಿಕಟ್ಟಿನ ಹತ್ತಿರ ನಿಂತಿದ್ದವು, ಜಾರಿರಲಿಲ್ಲ. ಬಾಯಿ ಮುಚ್ಚಿದ.

"ಇದೇ ಮೊದಲು ಆಂಟಿ" ಎಂದಳು ಮಾನ್ಯ. "ಇದಕ್ಕಿಂತ ಮುಂಚೆ ಏನಿಲ್ಲ."

ನಂಜಮ್ಮ ತಲೆಯಾಡಿಸಿದಳು. "ಅಂಗಾರೆ ಇವ್ರು ಇದ ಮಡಗೋಕ್ ಮುಂಚೆನೇ ಬಂದು ಕೂತ್ಬುಟ್ಟವ್ಳೆ. ಹಸಿವು ತಡೀತಿರ್ನಿಲ್ಲ ಅವ್ಳು. ದೇವ್ರಿಗ್ ಇಡೋಕೆ ಮುಂಚೆನೇ ಕೈ ಆಕೋಳು." ನಗುವೊಂದು ಬಂತು. ಅದು ಅರ್ಧಕ್ಕೇ ನಿಂತಿತು. ಅವಳು ಪರದೆಯ ಹತ್ತಿರಕ್ಕೆ ಜರುಗಿ ಬೆರಳಿಟ್ಟು ತೋರಿಸಿದಳು. "ಒಂದ್ ತುತ್ತು ನೋಡಿ. ಒಂದೇ ಒಂದ್ ತುತ್ತು ತಗಂಡವ್ಳೆ. ಅಷ್ಟ್ರಲ್ಲಿ ನೀವು ಇದ ತಂದು ಮಡಗುದ್ರಿ. ಆಮೇಲೆ ಮುಟ್ನೇ ಇಲ್ಲ." ಗಂಡನ ಕಡೆಗೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದದ್ದು ಅವನು ಬದುಕಿನಲ್ಲಿ ಬರೆದ ಯಾವ ಮುಖದಲ್ಲಿಯೂ ಇರಲಿಲ್ಲ. "ಎದ್ದೋಗ್ಬುಟ್ಟವ್ಳೆ ಕಣ್ರಿ. ನೀವ್ ನೋಡುದ್ರಿ, ಅದ್ಕೇ ಎದ್ದೋದ್ಲು. ಮಗ ಹಸ್ಕೊಂಡ್ ಓಗದೆ. ನಾನು ಇಲ್ಲಿ ರೊಟ್ಟಿ ತಿಂದ್ಕೊಂಡು ಕುಂತಿವ್ನಿ."

ಮಾನ್ಯ ಉಣ್ಣಲು ನಿಲ್ಲಲಿಲ್ಲ. ನಿಲ್ಲು ಎಂದು ನಂಜಮ್ಮ ಹೇಳಲೂ ಇಲ್ಲ. ಕಾರಿನ ಹತ್ತಿರ ಅವಳು ಕೇಳಿದಳು, "ಕೊನೇ ರೂಮು ಸರ್?" ಖಾಲಿ ಬಿಡಮ್ಮ ಎಂದ. ಅವಳು ಕೂತು ಬಾಗಿಲೆಳೆದುಕೊಂಡಳು. ಅವಳು ಮರೆಯಾದ ಮೇಲೆ ಅವನು ರಸ್ತೆಯಲ್ಲಿಯೇ ನಿಂತು ಮೊಬೈಲಿನಿಂದ ಅದನ್ನು ಅಳಿಸಿದ. ಅಳಿಸಿದ್ದೂ ಕೆಲವು ದಿನ ಒಳಗೇ ಎಲ್ಲೋ ಇರುತ್ತದೆ, ಬೇಕೆಂದರೆ ಮತ್ತೆ ತೆಗೆಯಬಹುದು ಎಂದು ಅದು ತಿಳಿಸಿತು. ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು, ಏನ್ ಸಾ, ಪೇಪರ್ನೋರಾ ಬಂದಿದ್ದು ಎಂದು ಕೇಳಿದರು. ಹೌದೆಂದು ಒಳಗೆ ಬಂದ.

ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ನಂಜಮ್ಮ ಮಿಂದು, ಒದ್ದೆ ತಲೆಗೆ ಟವಲು ಕಟ್ಟಿಕೊಂಡು ದಾಳಿಂಬೆ ಬಿಡಿಸುತ್ತಿದ್ದಳು.

"ಏನ್ ಮಾಡ್ತಿದ್ದೀಯ?"

"ಎಡೆ ಮಡಗ್ತೀನಿ. ನಿಮ್ ಕೆಲ್ಸದ ಕ್ವಾಣೇಲಿ. ಅಲ್ಲೇ ತಾನೆ ಅವ್ಳು ಯಾವಾಗ್ಲೂ ಇರ್ತಿದ್ದದ್ದು."

"ಅಮಾಸೆ ಕಳ್ದೋಯ್ತು ನಂಜಿ. ಪಕ್ಷ ಮುಗ್ದದೆ. ಈಗ ಕರೀಬಾರ್ದು. ಅಣ್ಣ ಏನ್ ಹೇಳ್ತಾನೆ ಗೊತ್ತಲ್ಲ. ದಿನ ಬಿಟ್ಟ ದಿನದಲ್ಲಿ ಕರುದ್ರೆ ಬಂದೋರು ಹಿಂದಕ್ಕೋಗಲ್ಲ. ಒಬ್ರೇ ಓಗೋಕೆ ಅವ್ರಿಗೆ ಆಗಲ್ಲ."

"ಓಗ್ದಿದ್ರೆ ಇರ್ಲಿ." ಕಾಳುಗಳು ಅವಳ ಬೆರಳ ಸಂದಿಯಿಂದ ಬಟ್ಟಲಿಗೆ ಬೀಳುತ್ತಿದ್ದವು. "ಒಬ್ಳೇ ಓಗೋಕಾಗ್ದಿದ್ರೆ ನಾನೋಯ್ತೀನಿ ಜೊತೇಲಿ. ಅವ್ಳು ಒಟ್ಟೆ ತುಂಬ ಉಣ್ಣೋಗಂಟ ನಂಗೆ ನೀರೂ ಬ್ಯಾಡ. ನೀವು ಆ ಯಂತ್ರಗೀನೆಲ್ಲ ಅಲ್ಲಿಂದ ಎತ್ತಿ. ಒಂದೂ ಇರಬಾರ್ದು."

ಅವನು ಎತ್ತಿದ. ಕ್ಯಾಮೆರಾಗಳು, ಅವುಗಳ ಕಾಲು, ದೀಪ, ಲೆನ್ಸುಗಳು, ಎಲ್ಲವನ್ನೂ ಮಲಗುವ ಕೋಣೆಗೆ ಸಾಗಿಸಿದ. ಎಣ್ಣೆಬಣ್ಣದ ಆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ. ಶ್ರೀರಾಮಾ ಎಂದುಕೊಂಡ, ಆದರೆ ದೇವರನ್ನು ಏನೆಂದು ಕೇಳುವುದು? ಮಗಳು ಬಂದು ಉಣ್ಣಲಿ ಎಂದೋ, ಬಾರದಿರಲಿ ಎಂದೋ? ನಂಜಮ್ಮ ನೆಲ ಒರೆಸಿ ಎಲೆ ಹಾಕಿದಳು. ಪಟವಿಟ್ಟಳು, ದೀಪ ಹಚ್ಚಿದಳು, ಮೊಸರನ್ನವನ್ನು ಗುಡ್ಡೆ ಮಾಡಿ ಬಡಿಸಿದಳು. ನುಣ್ಣಗೆ ಕೈಯಿಂದ ತಟ್ಟಿದಳು. ಅಂಗಳದ ಬಾಗಿಲೆಳೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಅವಳು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. ತುಟಿ ಒಣಗಿತ್ತು. ಹೀಗೆ ಕೂತವಳು, ಒಳಗಿನ ಎಲೆಯನ್ನು ಯಾರೂ ಮುಟ್ಟದೆ ಇದ್ದರೆ, ಇನ್ನು ಏಳುವುದಿಲ್ಲ ಎಂದು ಪುಟ್ಟರಾಜುವಿಗೆ ತಿಳಿಯಿತು. ಇದಕ್ಕೆ ಯಾವ ಡಾಕ್ಟರೂ ಬೇಕಾಗಿರಲಿಲ್ಲ.

ಅವನು ಮನೆಯನ್ನು ಬಳಸಿ ನಲ್ಲಿಯ ಕಡೆಗೆ ಬಂದ. ಚಪ್ಪಲಿ ಬಿಟ್ಟ. ಹಿಂದಿನ ಬಾಗಿಲು ಸದ್ದು ಮಾಡದಿರಲೆಂದು ಮೇಲಕ್ಕೆ ಎತ್ತಿ ತಳ್ಳಿದ. ಒಳಗೆ ದೀಪ ನೆಟ್ಟಗೆ ಉರಿಯುತ್ತಿತ್ತು. ಎಲೆಯ ಮುಂದೆ ಕೂತ. ಪಟದಿಂದ ಮಗಳು ನೋಡುತ್ತಿದ್ದಳು, ಇದೇನಪ್ಪ ಎನ್ನುವ ಹಾಗೆ. ಅವನು ಒಂದು ಗುರುತು ಮಾಡಿ ಎದ್ದುಬಿಡಬೇಕೆಂದು ಬಂದಿದ್ದ. ಮೂರು ಬೆರಳನ್ನು ಕೂಡಿಸಿ ನಿಧಾನವಾಗಿ ಇಳಿಸಿದ. ಒಂದು ತುತ್ತು ಸಾಲದಲ್ಲ, ಒಟ್ಟೆ ತುಂಬ ಎಂದಿದ್ದಳಲ್ಲ. ಎತ್ತಿದ ಅನ್ನವನ್ನು ಎಲ್ಲಿಡುವುದು? ಬಾಯಿಗಿಟ್ಟ. ಅಂಗೈಗೆ ತಾಗಬಾರದು, ತಾಗಿದರೆ ಎಲೆಯ ಮೇಲೆ ಬೇರೆ ಗುರುತು ಬೀಳುತ್ತದೆ. ಅವಳು ಬೆರಳನ್ನು ಎಷ್ಟು ಬಾಗಿಸುತ್ತಿದ್ದಳು, ಹೆಬ್ಬೆರಳಿನಿಂದ ಹೇಗೆ ದೂ‌ಡುತ್ತಿದ್ದಳು, ಕಾಳು ಸಿಕ್ಕಾಗ ಹೇಗೆ ಒಂದು ಕ್ಷಣ ನಿಲ್ಲುತ್ತಿದ್ದಳು, ಎಲ್ಲ ಅವನಿಗೆ ಗೊತ್ತಿತ್ತು. ನೋಡುವುದೇ ಅವನ ಕಸುಬಾಗಿತ್ತು. ಯಾವ ಕೆಲಸವನ್ನೂ ಅವನು ಇಷ್ಟು ಎಚ್ಚರದಿಂದ ಮಾಡಿರಲಿಲ್ಲ. ಮೊದಮೊದಲು ಗಂಟಲಿನಿಂದ ಇಳಿಯಲಿಲ್ಲ. ಆಮೇಲೆ ಇಳಿಯತೊಡಗಿತು. ಆಮೇಲೆ, ಅವನಿಗೇ ಭಯವಾಗುವ ಹಾಗೆ, ಹಸಿವು ಬಂತು. ಅದು ಅವನ ಹಸಿವಿನ ಹಾಗಿರಲಿಲ್ಲ. ಎಳೆಯ ಹಸಿವು, ಅವಸರದ್ದು. ಎಲೆ ಬರಿದಾಯಿತು. ಹೊರಗೆ ನಂಜಮ್ಮ ಕೆಮ್ಮಿದಳು. ಬಾಗಿಲು ತೆರೆಯುತ್ತೇನೆ, ಉಂಡವರು ಏಳಿ ಎಂದು ತಿಳಿಸುವ ಕೆಮ್ಮು. ಅವನು ಎದ್ದು ಬಂದ ದಾರಿಯಲ್ಲಿ ಹೊರಟುಹೋದ.

ನಲ್ಲಿಯ ಕೆಳಗೆ ಕೈ ತೊಳೆಯುವಾಗ ಅವಳ ದನಿ ಕೇಳಿತು. ಅಳುವೋ ನಗುವೋ ಗೊತ್ತಾಗಲಿಲ್ಲ. "ಎಲ್ಲಿದ್ದೀರಿ? ಬನ್ನಿ ಇಲ್ಲಿ, ಬಂದು ನೋಡಿ. ಎಲೆ ಬಳ್ಕೊಂಡು ಉಂಡವ್ಳೆ."

"ಬಂದೆ" ಎಂದ.

ಅವಳು ಅಡುಗೆಮನೆಯಲ್ಲಿ ಇಬ್ಬರಿಗೂ ತಟ್ಟೆ ಹಾಕಿದಳು. ಸಾರು ಬಡಿಸಿದಳು, ತಾನೂ ಬಡಿಸಿಕೊಂಡಳು. ದೊಡ್ಡ ದೊಡ್ಡ ತುತ್ತು ಮಾಡಿ ಉಂಡಳು, ಉಣ್ಣುವಾಗ ಮಾತಾಡಿದಳು. ನಾಳೆ ಇನ್ನೊಂದು ಹಿಡಿ ಅಕ್ಕಿ ಜಾಸ್ತಿ ಹಾಕುತ್ತಾಳಂತೆ. ದಾಳಿಂಬೆ ಮುಗಿದಿದೆಯಂತೆ, ಸಂತೆಯಿಂದ ತರಬೇಕಂತೆ. ಪುಟ್ಟರಾಜುವಿನ ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಅವಳೆದುರಿಗೆ ಉಣ್ಣದೆ ಇರುವ ಹಾಗಿರಲಿಲ್ಲ. ಅವಳ ಮಾತನ್ನು ಕೇಳುತ್ತಾ, ತಲೆ ತಗ್ಗಿಸಿಕೊಂಡು, ಕಲಸಿ ಕಲಸಿ ಬಾಯಿಗಿಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವಳ ಮಾತು ನಿಂತಿರುವುದು ಅವನ ಗಮನಕ್ಕೆ ಬಂತು. ನಂಜಮ್ಮ ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡು ಅವನ ಕೈಯನ್ನು ನೋಡುತ್ತಿದ್ದಳು. ಅವನೂ ನೋಡಿದ. ಸಾರನ್ನ ಅಂಗೈಗೆ ತಾಗಿರಲಿಲ್ಲ. ಮೂರು ಬೆರಳು ಮಾತ್ರ ಒದ್ದೆಯಾಗಿದ್ದವು. ಉಳಿದ ಎರಡನ್ನು ಬಿಚ್ಚಿ ಅನ್ನಕ್ಕೆ ತಾಗಿಸಬೇಕೆಂದುಕೊಂಡ. ಅವು ಮಡಚಿಕೊಂಡೇ ಇದ್ದವು, ಬಿಚ್ಚಲಿಲ್ಲ.

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಮೊಸರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೌಟು ತುಂಬಿಕೊಂಡು ಕಾದಳು. ಅವಳ ಮುಖ ಒಂದು ವರ್ಷದಲ್ಲಿ ಕಾಣದಷ್ಟು ಶಾಂತವಾಗಿತ್ತು.

"ಇನ್ನೊಸಿ ಆಕ್ಲಾ ಮಗ?" ಎಂದಳು.

ಪುಟ್ಟರಾಜು ತಲೆಯೆತ್ತದೆ ತಟ್ಟೆಯನ್ನು ಮುಂದಕ್ಕೆ ಒಡ್ಡಿದ.